ಚಪ್ಪಟೆಯಾಗುವ ಪ್ರೈಮರ್, ಒಳಸರಿಯುವ ಗುಂಡು

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿರುವ ನಾನು 9 ಎಂಎಂ ಲೂಗರ್ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ಮದ್ದು ಕೈಪಿಡಿಯ ಮಿತಿಯೊಳಗಿದ್ದರೂ ಕೆಲವು ಪ್ರೈಮರ್‌ಗಳು (ತೋಟಾದ ತಳದಲ್ಲಿದ್ದು, ಹೊಡೆತ ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲುಗಳು) ಚಪ್ಪಟೆಯಾಗಿವೆ. ಕೆಲವು ಎರಡನೇ ಹೊಡೆತಕ್ಕಷ್ಟೇ ಸಿಡಿಯುತ್ತವೆ. ಕಾರಣವೇನು?

ಉತ್ತರ: ಎರಡನೆಯದು ಸುಲಭ. ಪ್ರೈಮರ್ ತನ್ನ ಕುಳಿಯ ತಳಕ್ಕೆ ತಾಗದಿದ್ದರೆ ಮೊದಲ ಹೊಡೆತದ ಬಲ ಅದನ್ನು ಒಳಕ್ಕೆ ತಳ್ಳುವುದರಲ್ಲೇ ಕಳೆದುಹೋಗುತ್ತದೆ. ಕೇಸಿನ, ಅಂದರೆ ತೋಟಾದ ಲೋಹದ ಕವಚದ, ತಳದ ಮೇಲೆ ಬೆರಳಾಡಿಸಿ ನೋಡಿ. ಪ್ರೈಮರ್ ಕೂದಲೆಳೆಯಷ್ಟು ಒಳಗಿರಬೇಕು.

ಮೊದಲನೆಯದು ಗಂಭೀರ. ಪ್ರೈಮರ್ ಚಪ್ಪಟೆಯಾಗುವುದು ತೋಟಾದೊಳಗಿನ ಒತ್ತಡ ಅತಿಯಾದುದರ ಸೂಚನೆಯಾಗಿರಬಹುದು. ಈ ತೋಟಾದ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್ ಎಂದು ತೋಟಾಗಳ ಮಾನದಂಡ ಗೊತ್ತುಪಡಿಸುವ ಅಮೆರಿಕದ ಸಾಮಿ (SAAMI) ಸಂಸ್ಥೆ ನಿಗದಿಪಡಿಸಿದೆ; ಪ್ರೈಮರಿನ ಆಕಾರ ಈ ಮಿತಿಯನ್ನು ಅಳೆಯುವ ಮಾಪಕವಲ್ಲವಾದ್ದರಿಂದ, ಅದು ಚಪ್ಪಟೆಯಾಗಿಲ್ಲವೆಂದು ನಿಶ್ಚಿಂತರಾಗುವುದೂ ತಪ್ಪು. ನನ್ನ ಮೊದಲ ಅನುಮಾನ ಗುಂಡಿನ ಮೇಲೆ. 9 ಎಂಎಂ ಕೇಸಿನಲ್ಲಿ ಜಾಗ ಬಹಳ ಕಡಿಮೆ. ಮ್ಯಾಗಜಿನ್‌ನಿಂದ ನಳಿಕೆಗೆ ಏರುವಾಗ ಗುಂಡು ಕೇಸಿನೊಳಕ್ಕೆ ತುಸು ಸರಿದರೂ, ಮದ್ದಿನ ತೂಕ ಬದಲಾಗದೆಯೇ ಒತ್ತಡ ತೀವ್ರವಾಗಿ ಏರುತ್ತದೆ. ತೋಟಾದ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು, ಗುಂಡಿನ ತುದಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಮತ್ತೆ ಅಳೆಯಿರಿ. ಉದ್ದ ಕುಗ್ಗಿದರೆ ಕೇಸಿನ ಬಾಯಿ ಗುಂಡನ್ನು ಹಿಡಿದಿಲ್ಲ. ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಾದ ಸೈಜಿಂಗ್ ಡೈಯನ್ನೂ ಕೇಸಿನ ಬಾಯಿಯ ಅಗಲಿಕೆಯನ್ನೂ ಸರಿಪಡಿಸಿ. ಬಿಗಿಯಾಗಲೆಂದು ಕ್ರಿಂಪ್ (ಕೇಸಿನ ಬಾಯಂಚನ್ನು ಒಳಕ್ಕೆ ಅದುಮುವುದು) ಹೆಚ್ಚಿಸಬೇಡಿ, ಹಿಡಿತ ಇನ್ನೂ ಸಡಿಲವಾದೀತು.

ತಕ್ಕಡಿಯನ್ನೂ ಪರೀಕ್ಷಾ ತೂಕದಿಂದ ತಾಳೆ ನೋಡಿ. ಅದೇ ಸರದಿಯ ಉಳಿದ ತೋಟಾಗಳನ್ನು ದಯವಿಟ್ಟು ಹಾರಿಸಬೇಡಿ. ಬುಲೆಟ್ ಪುಲ್ಲರ್‌ನಿಂದ ಬಿಚ್ಚಿಬಿಡಿ.