ಪಂಪಿಗೂ ಮೊಬೈಲಿಗೂ ಮಾತು ಬಿಟ್ಟಾಗ

ಪ್ರಶ್ನೆ: ಬೋರ್‌ವೆಲ್ ಮೋಟರಿಗೆ ಸಿಮ್ ಹಾಕುವ, ಫೋನಿನಿಂದ ಮೆಸೇಜು ಕಳಿಸಿ ಮೋಟರ್ ಓಡಿಸುವ ಮೊಬೈಲ್ ಸ್ಟಾರ್ಟರ್ ಕೂರಿಸಿದ್ದೇವೆ. ತೋಟದಲ್ಲಿ ನನ್ನ ಫೋನಿಗೆ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ. ಸ್ಟಾರ್ಟರ್ ಮಾತ್ರ ಒಮ್ಮೆ ಓಗೊಟ್ಟರೆ ನಾಲ್ಕು ಸಲ ಸುಮ್ಮನಿರುತ್ತದೆ. ಡಬ್ಬಿಯನ್ನೇ ಬದಲಿಸಬೇಕೇ?
— ಓದುಗರು, ಚಳ್ಳಕೆರೆ

ಉತ್ತರ: ತಡೆಯಿರಿ. ಸ್ಟಾರ್ಟರಿನ ಸಿಮ್ ತೆಗೆದು ಫೋನಿಗೆ ಹಾಕಿ, ಸೆಟ್ಟಿಂಗ್‌ನಲ್ಲಿ ‘2ಜಿ ಮಾತ್ರ’ ಎಂದು ಆರಿಸಿ, ಡಬ್ಬಿ ಇರುವ ಜಾಗದಲ್ಲೇ ನಿಂತು ಯಾರಿಗಾದರೂ ಕರೆ ಮಾಡಿ. ನಿಮ್ಮ ಫೋನ್ ತೋರಿಸುವ ಕಡ್ಡಿ 4ಜಿಯದು. ಅಗ್ಗದ ಸ್ಟಾರ್ಟರುಗಳ ಒಳಗೆ ಕೂತಿರುವುದು ಹೆಚ್ಚಾಗಿ 2ಜಿ ಮೋಡೆಮ್ (ಟವರಿನೊಡನೆ ಮಾತಾಡುವ ಭಾಗ). (ಜಿಯೋಗೆ 2ಜಿ ಜಾಲವೇ ಇಲ್ಲ, ಆ ಸಿಮ್ ಇದರಲ್ಲಿ ನಡೆಯುವುದೇ ಇಲ್ಲ. ನಿಮ್ಮದು ಆಗಾಗ ಓಗೊಡುವುದರಿಂದ ಆ ತೊಂದರೆಯಲ್ಲ.)

ಕರೆ ತುಂಡಾದರೆ ಆಂಟೆನಾ ನೋಡಿ. ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಆಂಟೆನಾಕ್ಕೆ ಸಿಗ್ನಲ್ ಸಿಗದು. 3 ಮೀಟರ್ ವೈರಿನ ಆಂಟೆನಾ ತಂದು ಪೆಟ್ಟಿಗೆಯ ಹೊರಗೆ, ಎತ್ತರದಲ್ಲಿ ಕಟ್ಟಿ. ಕರೆ ಚೆನ್ನಾಗಿ ಹೋಗಿ, ಆಂಟೆನಾವೂ ಪೆಟ್ಟಿಗೆಯ ಹೊರಗಿದ್ದರೆ ಅನುಮಾನ ವಿದ್ಯುತ್ತಿನ ಮೇಲೆ. ಎಸ್‌ಐಎಂ800 ಬಗೆಯ 2ಜಿ ಮೋಡೆಮ್ ಟವರಿಗೆ ಉತ್ತರ ಕೊಡುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಆಗ ವೋಲ್ಟೇಜ್ 3.4ಕ್ಕಿಂತ ಕೆಳಗಿಳಿದರೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಅಷ್ಟರಲ್ಲಿ ನಿಮ್ಮ ಮೆಸೇಜು ತಪ್ಪಿಹೋಗಿರುತ್ತದೆ. ಮೋಡೆಮ್‌ಗೆ ತಾಗಿದಂತೆ, ಆ ಕ್ಷಣಕ್ಕೆ ಕರೆಂಟ್ ಕೂಡಿಟ್ಟುಕೊಡುವ 1000 ಮೈಕ್ರೊಫ್ಯಾರಡ್ ಕೆಪಾಸಿಟರ್, ಗಿಡ್ಡನೆಯ ದಪ್ಪ ವೈರು: ಮೆಕ್ಯಾನಿಕ್‌ಗೆ ಅರ್ಧ ಗಂಟೆಯ ಕೆಲಸ. ಗ್ಯಾರಂಟಿ ಇದ್ದರೆ ಬಿಚ್ಚಬೇಡಿ, ಮಾರಿದವರಿಂದಲೇ ಮಾಡಿಸಿ.

ಡಬ್ಬಿಯ ಸಿಮ್‌ಗೆ ರೀಚಾರ್ಜ್ ಮಾಡಿಸುವುದನ್ನು ಎಲ್ಲರೂ ಮರೆಯುತ್ತಾರೆ, ಅದನ್ನೂ ನೋಡಿಕೊಳ್ಳಿ. ಹೊಸದು ಕೊಳ್ಳುವುದಾದರೆ 4ಜಿ ಮೋಡೆಮ್ ಇರುವುದನ್ನೇ ಕೇಳಿ. ನೀರಿಲ್ಲದೆ ಓಡಿದಾಗ, ಒಂದು ಫೇಸ್ ಹೋದಾಗ ಮೋಟರ್ ನಿಲ್ಲಿಸುವ ತೀರ್ಮಾನ ಡಬ್ಬಿಯೊಳಗೇ ಆಗಬೇಕು. ಅದಕ್ಕೂ ಮೆಸೇಜಿಗೆ ಕಾಯುವ ಸ್ಟಾರ್ಟರ್ ಬಿಟ್ಟಿ ಸಿಕ್ಕರೂ ಬೇಡ.

ಪ್ರಶ್ನೆ: ನಮ್ಮ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಎಂಟು ಪಂಪ್‌ಸೆಟ್, ಎಲ್ಲವೂ 5 ಹೆಚ್‌ಪಿ. ಎಲ್ಲರೂ ಆಟೋ (ಕರೆಂಟ್ ಬಂದರೆ ಮೋಟರನ್ನು ತಾನೇ ಓಡಿಸುವ ಡಬ್ಬಿ) ಹಾಕಿದ ಮೇಲೆ ತ್ರೀಫೇಸ್ ಬಂದ ಕೂಡಲೇ ಫ್ಯೂಸ್ ಹೋಗುತ್ತಿದೆ.
— ಓದುಗರು, ಶಿರಾ

ಉತ್ತರ: ಲೆಕ್ಕ ನೋಡಿ. ನಿಮ್ಮದು 63 ಕೆವಿಎ ಟಿಸಿ ಎಂದುಕೊಳ್ಳೋಣ, ಅದು ಕೊಡಬಲ್ಲದ್ದು ಫೇಸಿಗೆ ಸುಮಾರು 84 ಆಂಪಿಯರ್. 5 ಹೆಚ್‌ಪಿ ಮೋಟರ್ ಓಡುವಾಗ ಸುಮಾರು 8 ಆಂಪಿಯರ್, ಎಂಟಕ್ಕೆ 64. ಇಲ್ಲಿಯವರೆಗೆ ಸರಿ. ಆದರೆ ನೇರ ಸ್ಟಾರ್ಟರಿನಲ್ಲಿ ಮೋಟರ್ ಎದ್ದೇಳುವಾಗ ಐದಾರು ಪಟ್ಟು ಎಳೆಯುತ್ತದೆ. ಎಂಟೂ ಒಟ್ಟಿಗೆ ಎದ್ದರೆ 300 ದಾಟಿತು. ಹಿಂದೆ ಒಬ್ಬೊಬ್ಬರೂ ನಡೆದು ಬಂದು ಗುಂಡಿ ಒತ್ತುತ್ತಿದ್ದಾಗ ತಾನಾಗಿಯೇ ಅಂತರ ಸಿಗುತ್ತಿತ್ತು, ಆಟೋ ಅದನ್ನು ಕಿತ್ತುಕೊಂಡಿತು.

ಹೆಚ್ಚಿನ ಆಟೋಗಳಲ್ಲಿ ‘ಆನ್ ಡಿಲೇ’ ಇರುತ್ತದೆ, ಅಂದರೆ ಕರೆಂಟ್ ಬಂದು ಎಷ್ಟು ಹೊತ್ತಿಗೆ ಮೋಟರ್ ಏಳಬೇಕೆಂಬ ಸೆಟ್ಟಿಂಗ್. ಮೊದಲನೆಯವರು 1 ನಿಮಿಷ, ಎರಡನೆಯವರು 2, ಹೀಗೆ 8ರವರೆಗೆ ಹಂಚಿಕೊಳ್ಳಿ. ಅಂಗಡಿಯವರು ಎಲ್ಲದಕ್ಕೂ ಒಂದೇ ಸಮಯ ಇಟ್ಟು ಕೊಡುವುದೇ ಮಾಮೂಲು. ದಪ್ಪ ತಂತಿ ಸುತ್ತಿ ಫ್ಯೂಸ್ ಕಟ್ಟುವ ಬುದ್ಧಿವಂತಿಕೆ ಬೇಡ, ಸುಡುವುದು ಟಿಸಿಯೇ.

ಪ್ರಶ್ನೆ: ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ನೆಟ್ಟ ತೇವಾಂಶದ ಸೆನ್ಸರ್, ನೀರು ಹಾಯಿಸಿದ ಮರುದಿನವೂ ‘ಒಣಗಿದೆ’ ಎನ್ನುತ್ತದೆ.
— ಓದುಗರು, ನವಲಗುಂದ

ಉತ್ತರ: ಎರೆ ಒಣಗಿದಾಗ ಬಿರಿದು ಸೆನ್ಸರಿನ ಸುತ್ತ ಸಂದು ಬಿಡುತ್ತದೆ, ಅದು ಅಳೆಯುತ್ತಿರುವುದು ಗಾಳಿಯನ್ನು. ಕಿತ್ತು ತೆಗೆದು, ಅದೇ ಮಣ್ಣನ್ನು ರಾಡಿಯಂತೆ ಕಲಸಿ ಗುಂಡಿಗೆ ಸುರಿದು, 15–20 ಸೆಂ.ಮೀ. ಆಳದಲ್ಲಿ ಓರೆಯಾಗಿ ಒತ್ತಿ ಕೂರಿಸಿ. ಎರಡು ಕಾಲಿನ ಅಗ್ಗದ ಸೆನ್ಸರ್ ಆಗಿದ್ದರೆ ಕಾಲುಗಳನ್ನೂ ನೋಡಿ; ಕರೆಂಟ್ ಹರಿದು ಕೆಲವೇ ವಾರಗಳಲ್ಲಿ ಸವೆದಿರುತ್ತವೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಬಗೆ ಬಾಳುತ್ತದೆ, ಆದರೆ ಅದರ ಸರ್ಕ್ಯೂಟ್ ಹಲಗೆಯ ಅಂಚುಗಳಿಗೆ ಎಪಾಕ್ಸಿ ಅಂಟು ಬಳಿಯದಿದ್ದರೆ ನೀರು ಹೀರಿ ‘ಸದಾ ಹಸಿ’ ಎನ್ನತೊಡಗುತ್ತದೆ.

ಡಬ್ಬಿಯ ಮೇಲಿನ ಅಂಕಿ ನಂಬಬೇಡಿ. ನಿಮ್ಮ ಹೊಲದ 1 ಕೆ.ಜಿ. ಮಣ್ಣನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, 100 ಮಿ.ಲೀ.ನಂತೆ ನೀರು ಬೆರೆಸುತ್ತಾ ಪ್ರತಿ ಸಲದ ಅಂಕಿ ಬರೆದುಕೊಳ್ಳಿ. ಮಸಾರಿ (ಕೆಂಪು ಮಣ್ಣಿನ) ಹೊಲದವರ ಪಟ್ಟಿ ನಿಮಗೆ ಹೊಂದುವುದಿಲ್ಲ.

ಪ್ರಶ್ನೆ: ಅಡಿಕೆ ತೋಟಕ್ಕೆ ಲೋರಾ (ಸಿಮ್ ಇಲ್ಲದೆ ದೂರಕ್ಕೆ ಸಂದೇಶ ಕಳಿಸುವ ರೇಡಿಯೊ) ಮಾಡ್ಯೂಲ್ ಯಾವುದು?
— ಓದುಗರು, ಶಿರಸಿ

ಉತ್ತರ: 865–867 ಮೆಗಾಹರ್ಟ್ಸ್‌ನದು. 915ರದ್ದು ಅಮೆರಿಕದ ತರಂಗಪಟ್ಟಿ, ಇಲ್ಲಿ ಬೇಡ. ಗುಡ್ಡ ಅಡ್ಡವಿದ್ದರೆ ಗೇಟ್‌ವೇಯನ್ನು (ಮಾಡ್ಯೂಲ್‌ಗಳ ಸಂದೇಶ ಹಿಡಿಯುವ ಡಬ್ಬಿ) ಗುಡ್ಡದ ನೆತ್ತಿಯ ಮೇಲಿಡಿ. ಆಂಟೆನಾ ತಿರುಗಿಸಿ ಕೂರಿಸುವ ಮೊದಲು ಕರೆಂಟ್ ಕೊಟ್ಟರೆ ಮಾಡ್ಯೂಲ್ ಸುಟ್ಟುಹೋದೀತು.