ಖುಷಿ ಸಿಕ್ಕ ಮಾತ್ರಕ್ಕೆ ಸ್ವಾರ್ಥ ಆಗುವುದಿಲ್ಲ

ರಕ್ತದಾನ ಮಾಡುವವರೂ ತಮ್ಮ ಸಮಾಧಾನಕ್ಕೇ ಮಾಡುತ್ತಾರೆ, ಹಾಗಾದರೆ ಎಲ್ಲವೂ ಸ್ವಾರ್ಥವೇ ಅಲ್ವಾ ಎಂದು ಕೇಳಿದ್ದೀರಿ. ನಾನು ಒಪ್ಪುವುದಿಲ್ಲ.

ಆ ಸಮಾಧಾನ ಎಲ್ಲಿಂದ ಬಂತು ನೋಡಿ. ಯಾರೋ ಬದುಕಲಿ ಎಂಬ ಆಸೆ ಮೊದಲೇ ಇದ್ದರೆ ತಾನೆ, ಅದು ಈಡೇರಿದಾಗ ಖುಷಿಯಾಗುವುದು? ರೋಗಿ ಏನಾದರೂ ಆಗಲಿ ಎನ್ನುವವನಿಗೆ ಆ ಖುಷಿ ಎಲ್ಲಿಂದ ಬರಬೇಕು? ಇಂಗ್ಲೆಂಡಿನ ಪಾದ್ರಿ ಜೋಸೆಫ್ ಬಟ್ಲರ್ 1726ರಲ್ಲಿ ಪ್ರಕಟಿಸಿದ ಪ್ರವಚನಗಳಲ್ಲೇ ಈ ವಾದ ಇದೆ. ಇದಕ್ಕಿಂತ ಗಟ್ಟಿ ಉತ್ತರ ನಾನಂತೂ ಕಂಡಿಲ್ಲ.

‘ಒಳಗೊಳಗೆ ಸ್ವಾರ್ಥ ಇದ್ದೇ ಇರುತ್ತದೆ’ ಎನ್ನುವವರನ್ನು ಒಂದು ಮಾತು ಕೇಳಿ: ಏನನ್ನು ಕಂಡರೆ ನಿಮ್ಮ ಮಾತು ತಪ್ಪೆಂದು ಒಪ್ಪುತ್ತೀರಿ? ಏನನ್ನೂ ಅಲ್ಲ ಎಂದರೆ, ಅದು ಮನುಷ್ಯರನ್ನು ನೋಡಿ ಹೇಳಿದ ಮಾತೇ ಅಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನೂ ಓದಿ. ಯುವತಿಯೊಬ್ಬಳು ವಿದ್ಯುತ್ ಶಾಕ್ ತಿನ್ನುವಂತೆ ನಟಿಸುತ್ತಿದ್ದಳು. ಅದು ನಿಜವೆಂದೇ ನಂಬಿ ನೋಡುತ್ತಿದ್ದವರು, ನೋಡಲಾಗದಿದ್ದರೆ ಸುಮ್ನೆ ಎದ್ದು ಹೋಗಬಹುದಿತ್ತು. ಆದರೂ ಮರುಕ ಹುಟ್ಟಿದವರಲ್ಲಿ ಹೆಚ್ಚಿನವರು ಅವಳ ಬದಲು ತಾವೇ ಶಾಕ್ ತೆಗೆದುಕೊಳ್ಳಲು ಮುಂದಾದರು. ಇದರ ಅರ್ಥದ ಬಗ್ಗೆ ಚರ್ಚೆ ಮುಗಿದಿಲ್ಲ, ಆದರೆ ತನ್ನ ಕಷ್ಟ ತಪ್ಪಿಸಿಕೊಳ್ಳುವುದೇ ಗುರಿಯಾಗಿದ್ದರೆ ಬಾಗಿಲು ತೆರೆದೇ ಇತ್ತು.