ಕಾರು ಮಾರಬೇಡಿ, ಮನೆಯವರ ಹತ್ತಿರ ಕೂತು ಮಾತಾಡಿ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವಳು. ಈಗ ಇರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ವಯಸ್ಸು 49. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಮಕ್ಕಳಿಬ್ಬರೂ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾರೆ. ಹೋದ ವರ್ಷ ನನ್ನ ಉಳಿತಾಯದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟ್ಯಾಂಗ್ ಜಿಟಿ ಕೊಂಡೆ. 2021ರ ಮಾಡೆಲ್, ವಿ8 ಇಂಜಿನ್, ಮ್ಯಾನ್ಯುಯಲ್ ಗೇರ್, ಸದ್ದು ಏರಿಸಿ ಇಳಿಸಬಹುದಾದ ಆ್ಯಕ್ಟಿವ್ ಎಕ್ಸಾಸ್ಟ್. ಸಾಲ ಇಲ್ಲ. ಕೆಲಸದಿಂದ ಮನೆಗೆ ಬರುವ ಅರ್ಧ ಗಂಟೆ ನನ್ನ ದಿನದಲ್ಲೇ ಅತಿ ಖುಷಿಯ ಹೊತ್ತು. ಆದರೆ ಮನೆಯವರು ಅದರಲ್ಲಿ ಕೂರುವುದೇ ಇಲ್ಲ. 'ಈ ವಯಸ್ಸಲ್ಲಿ ಇದೆಲ್ಲ ಯಾಕೆ, ನಾಲ್ಕು ಜನ ನಗ್ತಾರೆ' ಅಂತಾರೆ. ನಾನು ಬರುವುದು ಸ್ವಲ್ಪ ತಡವಾದರೂ ಮೇಲಿಂದ ಮೇಲೆ ಫೋನ್ ಮಾಡ್ತಾರೆ. ಇದು ಗಂಡಸರ ಕಾರು, ನಿನಗ್ಯಾಕೆ ಅಂತ ಗೆಳತಿಯರೂ ಕೇಳ್ತಾರೆ. ಮೇ ತಿಂಗಳಲ್ಲಿ ಅಮ್ಮ ಆರು ತಿಂಗಳಿಗೆ ಬರ್ತಿದ್ದಾರೆ. ಅಪ್ಪನ ಒಂದೇ ಯೆಜ್ಡಿ ಬೈಕಲ್ಲಿ ನಾಲ್ಕು ಜನ ಓಡಾಡಿದ ಸಂಸಾರ ನಮ್ಮದು. ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ ಅಮ್ಮನಿಗೆ ಈ ಕಾರು ತೋರಿಸಲು ನಾಚಿಕೆ ಆಗ್ತಿದೆ. ಅವರು ಬರುವ ಮುಂಚೆ ಮಾರಿಬಿಡಲಾ? ಡೀಲರ್ ಹತ್ತಿರ ಬೆಲೆಯನ್ನೂ ಕೇಳಿ ಬಂದಿದ್ದೇನೆ. ಒಂದು ಕಾರಿನಿಂದ ಇಷ್ಟು ಸಂತೋಷ ಪಡೋದು ತಪ್ಪಾ ಮೇಡಂ?
— ಹೆಸರು ಬೇಡ, ಮಿಷಿಗನ್

ಉತ್ತರ: ತಪ್ಪಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಮಾರಬೇಡಿ ಅಂತಲೂ ಹೇಳುತ್ತೇನೆ, ಕನಿಷ್ಠ ಈಗ ನೀವು ಹೇಳುತ್ತಿರುವ ಕಾರಣಕ್ಕಂತೂ ಬೇಡ.

ನಿಮ್ಮ ಪತ್ರದಲ್ಲಿ ನಾಚಿಕೆಗೆ ಎಷ್ಟೊಂದು ಸಾಲು ಕೊಟ್ಟಿದ್ದೀರಿ! ಖುಷಿಗೆ ಕೊಟ್ಟದ್ದು ಒಂದೇ ಸಾಲು. ಆ ಒಂದು ಸಾಲೇ ನನಗೆ ಮುಖ್ಯ. ಇಡೀ ದಿನ ಕಂಪನಿಯಲ್ಲಿ ದುಡಿದು, ಮನೆಗೆ ಬಂದ ಮೇಲೂ ಕೆಲಸ ಕಾದಿರುವ ಒಬ್ಬ ಹೆಂಗಸಿಗೆ, ನಡುವಿನ ಅರ್ಧ ಗಂಟೆ ಪೂರ್ತಿ ತನ್ನದಾಗಿ ಸಿಗುತ್ತಿದೆ. ಕ್ಲಚ್ ತುಳಿಯುವುದು, ಗೇರ್ ಹಾಕುವುದು, ಇಂಜಿನ್ ಏನು ಕೇಳುತ್ತಿದೆ ಅಂತ ಕಿವಿಗೊಡುವುದು. ಕೈ, ಕಾಲು, ಕಿವಿ ಎಲ್ಲಕ್ಕೂ ಕೆಲಸ ಇರುವಾಗ ಆಫೀಸಿನ ಚಿಂತೆ ತಲೆಯೊಳಗೆ ಉಳಿಯುವುದಿಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಇದು ಸಿಗುವುದು ಕಷ್ಟ. ನಿಮ್ಮ ಮನೆಯವರ ಕಾರಿನಲ್ಲೂ ಅದೇ ರಸ್ತೆ, ಅದೇ ಅರ್ಧ ಗಂಟೆ. ಆದರೆ ಅದು ಬರೀ ಪ್ರಯಾಣ, ಅಲ್ವಾ?

ಆ ಇಂಜಿನ್ ಶಬ್ದದ ವಿಷಯವನ್ನೂ ನೀವು ಸಂಕೋಚ ಬಿಟ್ಟು ಮಾತಾಡಬಹುದು. ನೀವೇ ಇಂಜಿನಿಯರ್, ನಿಮಗೆ ಗೊತ್ತಿರುತ್ತದೆ. ಆದರೂ ಉಳಿದ ಓದುಗರಿಗಾಗಿ ಹೇಳುತ್ತೇನೆ. ನಿಮ್ಮ ಕಾರಿನ 5.0 ಲೀಟರ್ ವಿ8 ಇಂಜಿನ್‌ನಲ್ಲಿ ಎರಡು ಪಕ್ಕ ನಾಲ್ಕು ನಾಲ್ಕು ಸಿಲಿಂಡರ್‌ಗಳಿವೆ. ಒಟ್ಟಾರೆ ಎಂಟೂ ಸಮನಾದ ಅಂತರದಲ್ಲಿ ಉರಿಯುತ್ತವೆ. ಆದರೆ ಒಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ವಿನ್ಯಾಸದಿಂದಾಗಿ ಸರದಿ ಎಡ, ಬಲ ಅಂತ ಕ್ರಮವಾಗಿ ಬರುವುದಿಲ್ಲ. ಕೆಲವೊಮ್ಮೆ ಒಂದೇ ಪಕ್ಕದ ಎರಡು ಸಿಲಿಂಡರ್ ಒಂದರ ಹಿಂದೆ ಒಂದು ಉರಿಯುತ್ತವೆ. ಹಾಗಾಗಿ ಒಂದೊಂದು ಪಕ್ಕದ ಸೈಲೆನ್ಸರ್‌ಗೆ ಹೊಗೆಯ ಬಡಿತ ಏರುಪೇರಾಗಿ ಹೋಗುತ್ತದೆ. ಅಮೆರಿಕದ ವಿ8 ಅಂದ ಕೂಡಲೇ ನೆನಪಾಗುವ ಆ ಗುಡುಗುಡು ಹುಟ್ಟುವುದು ಹೀಗೆ. ಫೆರಾರಿಯ ವಿ8ನಲ್ಲಿ ಎರಡು ಪಕ್ಕಗಳೂ ಸರದಿ ತಪ್ಪದೆ ಉರಿಯುವುದರಿಂದ ಅದು ಚೀರುತ್ತದೆ, ಗುಡುಗುವುದಿಲ್ಲ. ನನಗೆ ಗುಡುಗುವುದೇ ಇಷ್ಟ.

ದೊಡ್ಡ ಇಂಜಿನ್ನಿನ ಇಂಥ 'ಮಸಲ್ ಕಾರು'ಗಳ ಕಾಲ ಒಮ್ಮೆ ಮುಗಿದೇ ಹೋಗಿತ್ತು. 1964ರಲ್ಲಿ ಮಸ್ಟ್ಯಾಂಗ್, ಪಾಂಟಿಯಾಕ್ ಜಿಟಿಒ ಬಂದು ಶುರುವಾದ ಹುಚ್ಚು ಹತ್ತು ವರ್ಷವೂ ನಿಲ್ಲಲಿಲ್ಲ. ವಿಮೆ ದುಬಾರಿಯಾಯಿತು, ಹೊಗೆಯ ನಿಯಮ ಬಿಗಿಯಾಯಿತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು. 1974ರ ಮಸ್ಟ್ಯಾಂಗ್‌ನಲ್ಲಿ ವಿ8 ಇರಲೇ ಇಲ್ಲ. ಮುಂದೆ ವಿ8 ವಾಪಸ್ ಬಂದರೂ ಹಳೆಯ ಕಸುವು ಮರಳಲು ಬಹಳ ವರ್ಷ ಹಿಡಿಯಿತು. 2005ರ ಮಾಡೆಲ್‌ನಲ್ಲಿ ಮಸ್ಟ್ಯಾಂಗ್ ತನ್ನ ಹಳೆಯ ಚಹರೆಯನ್ನೇ ಹೊತ್ತು ಬಂತು. 2008ರಲ್ಲಿ ಡಾಡ್ಜ್ ಚಾಲೆಂಜರ್, ಮರುವರ್ಷ ಶೆವರ್ಲೆ ಕಮಾರೊ ಹಿಂದಿರುಗಿದವು. ಈ ಸಲ ಬಂದವು ಬರೀ ನೆನಪಿನ ಗೊಂಬೆಗಳಲ್ಲ. ನಿಮ್ಮ ಕಾರಿನದು 460 ಹಾರ್ಸ್‌ಪವರ್. ಅದರ ಜೊತೆಗೆ ಎಬಿಎಸ್, ಜಾರುವುದನ್ನು ತಡೆಯುವ ಸ್ಟೆಬಿಲಿಟಿ ಕಂಟ್ರೋಲ್, ಏರ್‌ಬ್ಯಾಗ್, ಎಸಿ. ಚಳಿಯ ಬೆಳಿಗ್ಗೆ ಒಂದೇ ಗುಂಡಿಗೆ ಸ್ಟಾರ್ಟ್. ಹಳೆಯ ಮಸಲ್ ಕಾರಿಗೆ ದಿನವೂ ಆಫೀಸಿಗೆ ಹೋಗಿಬರುವ ತಾಳ್ಮೆ ಎಲ್ಲಿತ್ತು! ಅಂಥ ಇಂಜಿನ್ ಇಟ್ಟುಕೊಂಡು ಸೋಮವಾರವೂ ಓಡಿಸಬಹುದು ಅನ್ನುವುದೇ ಈ ಕಾಲದ ಮಸಲ್ ಕಾರಿನ ದೊಡ್ಡ ಸುಖ.

ಇದೂ ಮುಗಿಯುತ್ತಾ ಬಂದಿದೆ. 2023ರ ಡಿಸೆಂಬರ್‌ನಲ್ಲಿ ಚಾಲೆಂಜರ್ ನಿಂತಿತು. ನಿಮ್ಮ ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿ ತಯಾರಾಗುತ್ತಿದ್ದ ಕಮಾರೊ ಕೂಡ ಅದೇ ತಿಂಗಳು ನಿಂತಿತು. ಡೆಟ್ರಾಯಿಟ್‌ನ ದಕ್ಷಿಣಕ್ಕಿರುವ ಫ್ಲ್ಯಾಟ್ ರಾಕ್‌ನಲ್ಲಿ ಹುಟ್ಟುವ ಮಸ್ಟ್ಯಾಂಗ್ ಮಾತ್ರ ಆಮೇಲೂ ವಿ8 ಮತ್ತು ಮ್ಯಾನ್ಯುಯಲ್ ಗೇರ್ ಎರಡನ್ನೂ ಬಿಡದೆ ಮುಂದುವರಿಯಿತು. ಇವತ್ತು ಮಾರಿ, ಐದಾರು ವರ್ಷದ ನಂತರ ಮನಸ್ಸು ಬದಲಾಗಿ ಹುಡುಕಿದರೆ ಇಂಥದ್ದೇ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಡೀಲರ್ ಹೇಳಿದ ಬೆಲೆಯ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಿ.

'ಗಂಡಸರ ಕಾರು' ಅನ್ನುವ ಗೆಳತಿಯರಿಗೆ ಗೇಲ್ ವೈಸ್ ಅವರ ಕಥೆ ಹೇಳಿ. ಅಮೆರಿಕದಲ್ಲಿ ಮಸ್ಟ್ಯಾಂಗ್ ಕೊಂಡ ಮೊದಲ ಗ್ರಾಹಕಿ ಅಂತ ಗುರುತಿಸಲಾಗಿರುವುದು ಅವರನ್ನೇ. ಷಿಕಾಗೊದ 22 ವರ್ಷದ ಶಾಲಾ ಟೀಚರ್. ಕಾರು ಅಧಿಕೃತವಾಗಿ ಬಿಡುಗಡೆಯಾಗಿದ್ದು 1964ರ ಏಪ್ರಿಲ್ 17ಕ್ಕೆ. ಅವರು ಅದಕ್ಕೆ ಎರಡು ದಿನ ಮೊದಲೇ, ಷೋರೂಮಿನ ಹಿಂದೆ ಮುಚ್ಚಿಟ್ಟಿದ್ದ ತಿಳಿನೀಲಿ ಕಾರನ್ನು ಕೊಂಡು ಓಡಿಸಿಕೊಂಡು ಮನೆಗೆ ಬಂದರು. ಮುಂದೆ ಮದುವೆ, ಮಕ್ಕಳು, ಸಂಸಾರ. ಕಾರು ಕೆಟ್ಟು ಗ್ಯಾರೇಜಿನಲ್ಲಿ ದಶಕಗಳ ಕಾಲ ನಿಂತಿತು. ಗಂಡ ನಿವೃತ್ತರಾದ ಮೇಲೆ ಅದನ್ನು ಸರಿಮಾಡಿಸಿ ಮತ್ತೆ ರಸ್ತೆಗಿಳಿಸಿದರು. ಅಷ್ಟು ವರ್ಷ ಇಬ್ಬರೂ ಅದನ್ನು ಮಾರಲಿಲ್ಲ ಅನ್ನುವುದು ನನಗೆ ತುಂಬಾ ಹಿಡಿಸುತ್ತದೆ.

ಇನ್ನು ನಿಮ್ಮ ಮನೆಯವರು. 'ನಾಲ್ಕು ಜನ ನಗ್ತಾರೆ' ಅನ್ನುವುದು ಅವರ ಬಾಯಿಂದ ಬಂದ ಮಾತು. ಮೇಲಿಂದ ಮೇಲೆ ಬರುವ ಫೋನ್ ಅವರ ಮನಸ್ಸಿನ ಮಾತು. ಅವರಿಗೆ ಹೆದರಿಕೆ. ಆ ಹೆದರಿಕೆ ಸುಮ್ನೆ ಹುಟ್ಟಿದ್ದೂ ಅಲ್ಲ. ಕಾರು ಪ್ರಿಯರ ಜಮಾವಣೆಯಿಂದ ಹೊರಡುವಾಗ ಮಸ್ಟ್ಯಾಂಗ್‌ಗಳು ಜಾರಿ ಫುಟ್‌ಪಾತ್ ಹತ್ತಿದ, ಜನರ ಮೇಲೆ ನುಗ್ಗಿದ ವಿಡಿಯೊಗಳು ಎಲ್ಲರ ಫೋನಿಗೂ ಬರುತ್ತವೆ. ಅವರೂ ನೋಡಿರುತ್ತಾರೆ. ನಾಲ್ಕು ಜನರ ಮಾತಿಗೆ ನೀವು ಉತ್ತರ ಕೊಡಬೇಕಾಗಿಲ್ಲ. ಗಂಡನ ಹೆದರಿಕೆಗೆ ಕೊಡಬೇಕು.

ಬಾಯಿಮಾತಿನ ಉತ್ತರ ಸಾಲದು. ಆ ವಿಡಿಯೊಗಳಲ್ಲಿ ಬಹುತೇಕ ಆಗುವುದು ಒಂದೇ: ಇಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೇ ಹೋಗುವ ಕಾರು, ಬಿಸಿಯಾಗದ ಟೈರು, ಚಕ್ರ ಹಿಡಿತ ತಪ್ಪಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ ತಿರುವಿನಲ್ಲೇ ಆ್ಯಕ್ಸಿಲರೇಟರ್ ಒತ್ತುವುದು. ಹಿಂಭಾಗ ಜಾರುತ್ತದೆ, ಓಡಿಸುವವನು ಗಾಬರಿಯಾಗಿ ಕಾಲು ಥಟ್ಟನೆ ಎತ್ತುತ್ತಾನೆ, ಕಾರು ಇನ್ನೊಂದು ಕಡೆಗೆ ಚಿಮ್ಮುತ್ತದೆ. ನೀವು ಟ್ರ್ಯಾಕ್ಷನ್ ಕಂಟ್ರೋಲ್ ಅನ್ನು ರಸ್ತೆಯಲ್ಲಿ ಎಂದೂ ಆಫ್ ಮಾಡುವುದಿಲ್ಲ ಅಂತ ಅವರಿಗೆ ಮಾತು ಕೊಡಿ, ಹಾಗೇ ನಡೆದುಕೊಳ್ಳಿ. ಟೈರು ಯಾವುದು ಅಂತ ಇವತ್ತೇ ನೋಡಿ. ಸಮ್ಮರ್ ಟೈರ್ ಆಗಿದ್ದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಹಿಮ ಬೀಳಲೇಬೇಕೆಂದಿಲ್ಲ. ನಿಮ್ಮ ಊರಿನಲ್ಲಿ ಅಂಥ ಬೆಳಗುಗಳು ಅಕ್ಟೋಬರ್‌ನಲ್ಲೇ ಶುರುವಾಗುತ್ತವೆ. ಚಳಿಗಾಲದಲ್ಲೂ ಓಡಿಸುವುದಾದರೆ ನಾಲ್ಕಕ್ಕೂ ವಿಂಟರ್ ಟೈರ್ ಹಾಕಿಸಿ. ಹಿಂದಿನ ಎರಡಕ್ಕೆ ಮಾತ್ರ ಸಾಲುವುದಿಲ್ಲ.

ನನ್ನನ್ನು ಕೇಳಿದರೆ ಚಳಿಗಾಲ ಪೂರ್ತಿ ಅದನ್ನು ಗ್ಯಾರೇಜಿನಲ್ಲೇ ಇಡಿ. ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ಆಯಿಲ್ ಬದಲಿಸಿ, ಟ್ಯಾಂಕ್ ತುಂಬಿಸಿ, ಪೆಟ್ರೋಲು ಕೆಡದಂತೆ ಸ್ಟೆಬಿಲೈಜರ್ ಹಾಕಿ, ಬ್ಯಾಟರಿ ಇಳಿಯದಂತೆ ಚಾರ್ಜ್ ಮಾಡುತ್ತಿರುವ ಟೆಂಡರ್ ಜೋಡಿಸಿಬಿಡಿ. ಇಡೀ ಅಮೆರಿಕದಲ್ಲೇ ಕಾರು ವಿಮೆ ತೀರಾ ದುಬಾರಿ ಇರುವ ರಾಜ್ಯಗಳಲ್ಲಿ ನಿಮ್ಮದೂ ಒಂದು. ನಿಂತ ತಿಂಗಳುಗಳಿಗೆ ಸ್ಟೋರೇಜ್ ವಿಮೆ (ನಿಲ್ಲಿಸಿಟ್ಟ ಕಾರಿಗೆ ಮಾತ್ರ ಅನ್ವಯಿಸುವುದು) ಕೊಡುತ್ತಾರಾ ಅಂತ ಏಜೆಂಟನ್ನು ಕೇಳಿ ನೋಡಿ. ಆದರೆ ಹಾಗೆ ಬದಲಿಸಿಕೊಂಡ ಮೇಲೆ ಪಕ್ಕದ ಬೀದಿಗೂ ಕಾರು ಹೊರತೆಗೆಯಬೇಡಿ.

ಒಂದು ದಿನದ ಡ್ರೈವಿಂಗ್ ತರಬೇತಿಗೂ ಸೇರಿ. ನಿಮ್ಮ ಡೆಟ್ರಾಯಿಟ್ ಭಾಗದ ವುಡ್‌ವರ್ಡ್ ರಸ್ತೆಗೆ ಅಂಟಿಕೊಂಡೇ ಪಾಂಟಿಯಾಕ್ ಊರಿನಲ್ಲಿ ಎಂ1 ಕಾನ್ಕೋರ್ಸ್ ಟ್ರ್ಯಾಕ್ ಇದೆ. ಅಲ್ಲಿ ಅಥವಾ ನಿಮ್ಮ ಭಾಗದ ಇನ್ನಾವುದಾದರೂ ಟ್ರ್ಯಾಕ್‌ನಲ್ಲಿ ಏನು ಕಲಿಸುತ್ತಾರೆ ಅಂತ ವಿಚಾರಿಸಿ. ಒದ್ದೆ ನೆಲದಲ್ಲಿ ಕಾರು ಜಾರಿದಾಗ ಕೈ ಏನು ಮಾಡಬೇಕು ಅನ್ನುವುದನ್ನು ಕಲಿಯಿರಿ. ಸಾಧ್ಯವಾದರೆ ಮನೆಯವರನ್ನೂ ಕರೆದುಕೊಂಡು ಹೋಗಿ. ನೀವು ಕಾರನ್ನು ಹತೋಟಿಗೆ ತರುವುದನ್ನು ಅವರು ಕಣ್ಣಾರೆ ನೋಡಲಿ.

ಅಕ್ಕಪಕ್ಕದ ಮನೆಯವರಿಗೆ ಶಬ್ದದ ತೊಂದರೆ ಕೊಡಬೇಡಿ, ಇದು ನನ್ನ ಕಟ್ಟುನಿಟ್ಟಿನ ಮಾತು. ನಮ್ಮ ಖುಷಿ ಅವರ ನಿದ್ದೆಯನ್ನು ತಿನ್ನಬಾರದು. ನಿಮ್ಮ ಆ್ಯಕ್ಟಿವ್ ಎಕ್ಸಾಸ್ಟ್‌ಗೆ ಕ್ವಯಟ್ ಮೋಡ್ ಇದೆ. ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆವರೆಗೆ ಮೆಲ್ಲಗೆ ಸ್ಟಾರ್ಟ್ ಆಗು ಅಂತ ಮೊದಲೇ ಹೇಳಿಡಬಹುದು. ಫೋರ್ಡ್‌ನ ಒಬ್ಬ ಹಿರಿಯ ಇಂಜಿನಿಯರ್ ಮನೆಗೇ, ಅವರ ಮಸ್ಟ್ಯಾಂಗ್ ಗದ್ದಲಕ್ಕೆ ಪಕ್ಕದವರು ದೂರು ಕೊಟ್ಟು, ಪೊಲೀಸರು ಬಂದಿದ್ದರಂತೆ. ಆಮೇಲೆ ಹೊಳೆದ ಉಪಾಯ ಇದು. 2018ರ ಮಾಡೆಲ್‌ನಿಂದ ಸಿಗುತ್ತಿದೆ. ಬಳಸಿ.

ಅಮ್ಮನ ಬಗ್ಗೆ ನನಗೆ ನಿಮ್ಮಷ್ಟು ಚಿಂತೆ ಇಲ್ಲ. ಯೆಜ್ಡಿ ಇದ್ದ ಮನೆಯಲ್ಲಿ ಸಂಸಾರ ಮಾಡಿದವರು ಅವರು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಬೈಕಿನ ಸದ್ದು ತಿರುವಿನಾಚೆ ಕೇಳಿದಾಗಲೇ ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ಕಾಫಿಗೆ ನೀರು ಇಡುತ್ತಿದ್ದರು. ಇಂಜಿನ್ ಶಬ್ದಕ್ಕೆ ಮನಸ್ಸು ಅರಳುವುದು ಅವರಿಗೆ ಹೊಸದಾಗಿರಲಾರದು. ಅವರು ಹೊಟ್ಟೆ ಬಟ್ಟೆ ಕಟ್ಟಿದ್ದು ಮಗಳು ತನ್ನ ಕಾಲ ಮೇಲೆ ನಿಲ್ಲಲಿ ಅಂತ. ನೀವು ಸಾಲ ಮಾಡಿಲ್ಲ, ಮಕ್ಕಳ ಓದಿನ ಹಣ ಮುಟ್ಟಿಲ್ಲ. ಮುಚ್ಚಿಟ್ಟರೆ ಮಾತ್ರ ಇದು ತಪ್ಪು ಕೆಲಸದಂತೆ ಕಾಣುತ್ತದೆ. ಬೆಲೆ ಕೇಳಿದರೆ ನಿಜವಾದ ಬೆಲೆ ಹೇಳಿ. 'ಇಷ್ಟೊಂದಾ!' ಅಂತ ಒಂದು ಸಲ ಅನ್ನುತ್ತಾರೆ. ಅನ್ನಲಿ ಬಿಡಿ.

ಸೀಟು ತೀರಾ ತಗ್ಗು, ಅದನ್ನು ಮರೆಯಬೇಡಿ. ಮಂಡಿ ನೋವಿದ್ದರೆ ಅಮ್ಮನನ್ನು ಮೊದಲು ಪಕ್ಕಕ್ಕೆ ತಿರುಗಿ ಕೂರಿಸಿ, ಆಮೇಲೆ ಎರಡೂ ಕಾಲನ್ನು ಒಳಗೆ ತೆಗೆದುಕೊಳ್ಳಲಿ. ಹಿಂದಿನ ಸೀಟಿಗೆ ಅವರನ್ನು ಕಳಿಸಲೇಬೇಡಿ, ಅದು ದೊಡ್ಡವರಿಗೆ ಮಾಡಿದ್ದಲ್ಲ. ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಕರೆದುಕೊಂಡು ಹೋಗಿ. 1995ರಲ್ಲಿ ಫರ್ನ್‌ಡೇಲ್ ಊರಿನ ಮಕ್ಕಳ ಸಾಕರ್ ಮೈದಾನಕ್ಕೆ ಹಣ ಕೂಡಿಸಲು ಶುರುವಾದದ್ದು. ಈಗ ಹಳೆಯ, ಹೊಸ ಕಾರುಗಳ ಜಾತ್ರೆಯೇ ನೆರೆಯುತ್ತದೆ. ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಅಜ್ಜ, ಅಜ್ಜಿ, ಮೊಮ್ಮಕ್ಕಳು ಇಡೀ ದಿನ ಕೂತಿರುತ್ತಾರೆ. 'ಈ ವಯಸ್ಸಲ್ಲಿ ಯಾಕೆ' ಅನ್ನುವ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಮಾರಬೇಕಾದ ಕಾರಣವೂ ಒಂದಿರಬಹುದು, ಅದನ್ನು ಮುಚ್ಚಿಡುವುದಿಲ್ಲ. ಪೇಟೆಯೊಳಗೆ ಇದು ಗ್ಯಾಲನ್‌ಗೆ 15 ಮೈಲಿ ಕೊಟ್ಟರೆ ಹೆಚ್ಚು, ಅಂದರೆ ಲೀಟರಿಗೆ ಆರು ಕಿಲೋಮೀಟರ್ ಚಿಲ್ಲರೆ. ವಿಮೆ, ಟೈರು, ಪೆಟ್ರೋಲು ಸೇರಿ ನಿವೃತ್ತಿಯ ಉಳಿತಾಯಕ್ಕೆ ಕೈ ಹಾಕುವಂತಾದರೆ ಆಗ ಮಾರಿ. ಈ ಲೆಕ್ಕವನ್ನು ಮನೆಯವರ ಎದುರಿಗೇ ಬರೆದು ನೋಡಿ. ನೀವು ಇಬ್ಬರೂ ಈ ಕಾರಿನ ಬಗ್ಗೆ ಜಗಳ ಬಿಟ್ಟು ಮಾತಾಡಿದ್ದೇ ಇಲ್ಲವೇನೋ ಅಂತ ನನಗೆ ಅನಿಸುತ್ತಿದೆ. 'ನಿಮಗೆ ಇದರಲ್ಲಿ ಏನು ಭಯ?' ಅಂತ ಒಮ್ಮೆ ನೇರವಾಗಿ ಕೇಳಿ. ಅವರು ಹೇಳಿ ಮುಗಿಸುವವರೆಗೂ ಸುಮ್ಮನಿರಿ. ನಡುವೆ ಕಾರಿನ ಪರ ವಾದ ಮಾಡಬೇಡಿ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವ ಹೊತ್ತಿನಲ್ಲಿ, ಕೀಲಿಯನ್ನು ಅವರ ಕೈಗೇ ಕೊಟ್ಟು ಓಡಿಸಲು ಹೇಳಿ. ನೀವು ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಗೇರ್ ತಪ್ಪು ಹಾಕಿದರೂ ಏನೂ ಅನ್ನಬೇಡಿ.